ಉಣ್ಣೆಯ ಪಟ್ಟಿಯಲ್ಲಿದ್ದ ಬಣ್ಣ ನೂಲಿನಲ್ಲಿ ಯಾಕೆ ಕಾಣಲಿಲ್ಲ?

ಪ್ರಶ್ನೆ: ನಮಸ್ಕಾರ ಅಕ್ಕಾವ್ರೇ. ನಮ್ಮದು ಸಾಂಗ್ಲಿ ಜಿಲ್ಲೆ, ಜತ್ತ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಕುರಿ ಇವೆ. ನಮ್ಮ ಆಯಿ ಕಂಬಳಿಗೆ ಉಣ್ಣೆ ನೂಲುತ್ತಿದ್ದರು. ಅವರ ರಾಟಿ ಈಗ ನನ್ನ ಹತ್ತಿರ ಇದೆ. ಮಗಳಿಗೆ ಒಂದು ಶಾಲು ಮಾಡಬೇಕೆಂದು ಆನ್‌ಲೈನ್‌ನಲ್ಲಿ ಬಣ್ಣದ ಮೆರಿನೋ (ಒಂದು ಬಗೆಯ ವಿದೇಶಿ ಕುರಿ) ಉಣ್ಣೆ ತರಿಸಿದೆ. ನೂಲಲು ತಯಾರಾದ ಉಣ್ಣೆಯ ಉದ್ದ ಪಟ್ಟಿ, 100 ಗ್ರಾಮಿನದು ಎರಡು. ಕೆಂಪು, ಹಳದಿ, ಹಸಿರು, ನೀಲಿ, ನೇರಳೆ ಒಂದರ ಪಕ್ಕ ಒಂದು ಇದ್ದವು, ಬಹಳ ಚಂದ ಇತ್ತು. ಆಯಿ ಮಾಡುತ್ತಿದ್ದ ಹಾಗೇ ಕೈಯಿಂದ ಬಿಡಿಸಿ, ಚೆನ್ನಾಗಿ ಹಿಂಜಿ, ಹಂಜಿ (ನೂಲಲು ಸುತ್ತಿದ ಉಣ್ಣೆಯ ಸುರುಳಿ) ಮಾಡಿಕೊಂಡು ಒಂದು ಪಟ್ಟಿ ಪೂರ್ತಿ ನೂತೆ. ಎರಡು ಎಳೆ ಸೇರಿಸಿ ಹುರಿ ಹಾಕಿದೆ. ನೋಡಿದರೆ ಬಣ್ಣವೇ ಇಲ್ಲ, ಎಲ್ಲಾ ಸೇರಿ ಕೆಸರಿನ ಹಾಗೆ ಆಗಿದೆ. ನೂಲುವಾಗ ಎಳೆ ಮೇಲಿಂದ ಮೇಲೆ ಹರಿಯುತ್ತಿತ್ತು. ತೊಳೆದಾಗ ನೀರು ಗುಲಾಬಿ ಆಯ್ತು. ಬಣ್ಣ ಹಾಕಿದ ಉಣ್ಣೆ ಸುಟ್ಟಿರುತ್ತದೆ, ಅದು ನೂಲಲು ಬರುವುದಿಲ್ಲ ಎಂದು ಒಬ್ಬರು ಹೇಳುತ್ತಾರೆ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಇನ್ನೊಬ್ಬರು. ನಮ್ಮ ಮನೆಯ ಕರಿ ಉಣ್ಣೆಗೇ ಬಣ್ಣ ಹಾಕಲೇ ಎಂದರೆ ಅತ್ತೆ ಬೇಡ ಅನ್ನುತ್ತಾರೆ. ಉಳಿದ 100 ಗ್ರಾಂ ಮುಟ್ಟಲು ಭಯ ಆಗುತ್ತಿದೆ. ನಾನು ಮೋಸ ಹೋದೆನೇ? ಕರಿ ಉಣ್ಣೆ ಜೊತೆ ಸೇರಿಸಿ ನೂಲಬಹುದೇ?

ಉತ್ತರ: ತಂಗೀ, ನೀವು ಮೋಸ ಹೋಗಿಲ್ಲ. ನಿಮ್ಮ ರಾಟಿಯೂ ಕೆಟ್ಟಿಲ್ಲ. ಪತ್ರದಲ್ಲಿ ಚಿಂತೆ ಬಹಳ ಇವೆ, ಆದರೆ ನಿಮ್ಮನ್ನು ಜಾಸ್ತಿ ಕಾಡುತ್ತಿರುವುದು ಒಂದೇ: ಕೊಂಡಾಗ ಅಷ್ಟು ಚಂದ ಇದ್ದ ಬಣ್ಣ ಕೈಗೆ ಬಂದ ಮೇಲೆ ಎಲ್ಲಿ ಹೋಯಿತು? ಅದರ ಕಾರಣ ನಿಮ್ಮ ಒಂದು ಸಾಲಿನಲ್ಲೇ ಇದೆ. 'ಆಯಿ ಮಾಡುತ್ತಿದ್ದ ಹಾಗೇ ಕೈಯಿಂದ ಬಿಡಿಸಿ, ಚೆನ್ನಾಗಿ ಹಿಂಜಿ' ಎಂದು ಬರೆದಿದ್ದೀರಿ. ಆಯಿ ಮಾಡುತ್ತಿದ್ದದ್ದು ಅವರ ಉಣ್ಣೆಗೆ ನೂರಕ್ಕೆ ನೂರು ಸರಿ. ಈ ಉಣ್ಣೆಗೆ ಅದು ಬೇಕಿರಲಿಲ್ಲ.

ನಮ್ಮ ಕಡೆಯ ದಖ್ಖನಿ ಕುರಿಯ ಉಣ್ಣೆ ಹೇಗಿರುತ್ತದೆ ನಿಮಗೆ ಗೊತ್ತೇ ಇದೆ. ಕತ್ತರಿಸಿದಾಗ ಅದರಲ್ಲಿ ಮುಳ್ಳು, ಧೂಳು, ಹುಲ್ಲಿನ ಬೀಜ ಎಲ್ಲಾ ಇರುತ್ತದೆ. ಕೂದಲು ಗಿಡ್ಡ, ಒರಟು, ಒಂದೊಂದು ಒಂದೊಂದು ದಿಕ್ಕಿಗೆ ತಿರುಗಿರುತ್ತದೆ. ಅದನ್ನು ಬಿಡಿಸಿ, ಹಿಂಜಿ, ಹಗುರ ಮಾಡಿ ಹಂಜಿ ಕಟ್ಟದೆ ನೂಲಲು ಸಾಧ್ಯವೇ ಇಲ್ಲ. ನೀವು ತರಿಸಿದ ಮೆರಿನೋ ಪಟ್ಟಿಗೆ ಆ ಕೆಲಸವೆಲ್ಲ ಮಿಲ್ಲಿನಲ್ಲೇ ಮುಗಿದಿದೆ. ಅದನ್ನು ತೊಳೆದಿದ್ದಾರೆ, ಯಂತ್ರದಲ್ಲಿ ಬಾಚಿದ್ದಾರೆ, ಗಿಡ್ಡ ಕೂದಲು ತೆಗೆದಿದ್ದಾರೆ. ಉಳಿದ ಕೂದಲೆಲ್ಲ ಒಂದೇ ದಿಕ್ಕಿಗೆ ಮಲಗಿವೆ. ಅದರ ಮೇಲೆ ಭಾಗ ಭಾಗವಾಗಿ ಬಣ್ಣ ಹಾಕಿದ್ದಾರೆ. ಇಂಥದ್ದನ್ನು ಮತ್ತೆ ಹಿಂಜಿದರೆ ನೆಟ್ಟಗಿದ್ದ ಕೂದಲು ಸಿಕ್ಕಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಎಂದರೆ ಐದು ಬಣ್ಣವೂ ಕೂದಲು ಕೂದಲಾಗಿ ಬೆರೆತುಹೋಗುತ್ತವೆ.

ಬೆರೆತರೆ ಏನಾಯಿತು, ಬಣ್ಣ ಅಲ್ಲೇ ಇರಬೇಕಲ್ವಾ ಎಂದು ನೀವು ಕೇಳಬಹುದು. ಹೌದು, ಅಲ್ಲೇ ಇದೆ. ನಿಮ್ಮ ನೂಲನ್ನು ಬಿಸಿಲಲ್ಲಿ ಹಿಡಿದು ಹತ್ತಿರದಿಂದ ನೋಡಿ. ಒಂದು ಕೂದಲು ಕೆಂಪು, ಪಕ್ಕದ್ದು ಹಸಿರು, ಅದರ ಪಕ್ಕ ನೇರಳೆ ಕಾಣುತ್ತದೆ. ಆದರೆ ಮೆರಿನೋ ಕೂದಲು ಬಹಳ ಸಣ್ಣ, ಸಾಮಾನ್ಯವಾಗಿ 18ರಿಂದ 24 ಮೈಕ್ರಾನ್ ದಪ್ಪ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಒಂದು ಮಾರು ದೂರದಿಂದ ಕಣ್ಣಿಗೆ ಅಷ್ಟು ಸಣ್ಣದು ಬೇರೆ ಬೇರೆಯಾಗಿ ಕಾಣುವುದಿಲ್ಲ. ಕಣ್ಣು ಎಲ್ಲವನ್ನೂ ಸೇರಿಸಿ ಒಂದೇ ಬಣ್ಣ ಮಾಡಿಕೊಳ್ಳುತ್ತದೆ. ಹತ್ತಿರದ ಬಣ್ಣಗಳು ಬೆರೆತರೆ ಚಂದವೇ ಆಗುತ್ತದೆ. ಹಳದಿಗೆ ಕಿತ್ತಳೆ, ನೀಲಿಗೆ ಹಸಿರು ಸೇರಿದರೆ ನೂಲಿಗೆ ಜೀವ ಬರುತ್ತದೆ. ಎದುರಾಳಿ ಬಣ್ಣ ಬೆರೆತರೆ ಒಂದನ್ನೊಂದು ಸಾಯಿಸುತ್ತವೆ. ಕೆಂಪಿಗೆ ಹಸಿರು, ಹಳದಿಗೆ ನೇರಳೆ, ನೀಲಿಗೆ ಕಿತ್ತಳೆ ಎದುರಾಳಿಗಳು. ನಿಮ್ಮ ಪಟ್ಟಿಯಲ್ಲಿ ಇಂಥ ಎರಡು ಜೋಡಿ ಇದ್ದವು. ಅದಕ್ಕೇ ಕೆಸರು ಬಣ್ಣ ಬಂತು. ಬಣ್ಣ ಹಾಕಿದವರ ತಪ್ಪು ಇದರಲ್ಲಿ ಏನೂ ಇಲ್ಲ.

ಉಳಿದ ಪಟ್ಟಿಯಿಂದ ಕೆಂಪು ಮತ್ತು ಹಸಿರು ಚೂರು ಸ್ವಲ್ಪ ಸ್ವಲ್ಪ ಕಿತ್ತುಕೊಂಡು ಬೆರಳಲ್ಲಿ ಬೆರೆಸಿ, ಅಂಗೈಯಲ್ಲಿ ಹೊಸೆದು ನೋಡಿ. ಆಮೇಲೆ ಅದೇ ಎರಡನ್ನು ಬೆರೆಸದೆ, ಒಂದರ ತುದಿಗೆ ಒಂದು ಇಟ್ಟು ಹೊಸೆಯಿರಿ. ನಾನು ಹೊಸಬರಿಗೆ ಕಲಿಸುವಾಗ ರಾಟಿ ಮುಟ್ಟಿಸುವ ಮೊದಲು ಇದನ್ನೇ ಮಾಡಿಸುತ್ತೇನೆ. ಇದನ್ನು ಒಮ್ಮೆ ಕಣ್ಣಾರೆ ನೋಡಿದವರಿಗೆ ಮುಂದೆ ಹೆಚ್ಚು ಹೇಳಬೇಕಾಗುವುದಿಲ್ಲ.

ಹಿಂಜದೇ ಇದ್ದರೂ ಬಣ್ಣ ಬೆರೆಯುವ ಜಾಗ ಇನ್ನೂ ಎರಡು ಇವೆ. ಒಂದು ಎಳೆ ಎಳೆಯುವಾಗ. ಮೆರಿನೋ ಕೂದಲು ಸುಮಾರು 6ರಿಂದ 10 ಸೆಂಟಿಮೀಟರ್ ಉದ್ದ. ಪಟ್ಟಿಯಲ್ಲಿ ಒಂದು ಬಣ್ಣದ ಭಾಗ ಅದಕ್ಕಿಂತ ಗಿಡ್ಡ ಇದ್ದರೆ ನೀವು ಎಳೆದಾಗಲೆಲ್ಲ ಎರಡು ಬಣ್ಣದ ಕೂದಲು ಒಟ್ಟಿಗೇ ಬರುತ್ತವೆ. ಗೇಣುದ್ದಕ್ಕಿಂತ ಜಾಸ್ತಿ ಇದ್ದರೆ ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗುವಲ್ಲಿ ಮಾತ್ರ ಸ್ವಲ್ಪ ಬೆರೆಯುತ್ತದೆ, ಅದು ನೋಡಲು ಚಂದ. ಇನ್ನೊಂದು ಜಾಗ ಹುರಿ ಹಾಕುವಾಗ. ಒಂದು ಎಳೆಯಲ್ಲಿ ಕೆಂಪು ಬರುವಾಗ ಜೊತೆಯ ಎಳೆಯಲ್ಲಿ ಹಸಿರು ಬಂದರೆ ನೂಲು ಚುಕ್ಕೆ ಚುಕ್ಕೆಯಾಗುತ್ತದೆ. ಇದು ಹಿಂಜಿದಷ್ಟು ಕೆಡುವುದಿಲ್ಲ, ಆದರೆ ಬಣ್ಣ ಮಂಕಾಗುತ್ತದೆ.

ಈಗ ಉಳಿದ 100 ಗ್ರಾಂ. ಅದನ್ನು ಹಿಂಜಬೇಡಿ, ಬಾಚಬೇಡಿ. ಮೊದಲು 10 ಗ್ರಾಂ ತೆಗೆದು ಪ್ರಯೋಗ ಮಾಡಿ. ಪೂರ್ತಿ ಪಟ್ಟಿಯನ್ನು ಒಂದೇ ಬಾರಿಗೆ ಕೂತು ನೂಲುವ ಆಸೆ ಎಲ್ಲರಿಗೂ ಇರುತ್ತದೆ, ಅದನ್ನು ಸ್ವಲ್ಪ ತಡೆದುಕೊಳ್ಳಿ.

ಬಣ್ಣ ಉದ್ದುದ್ದವಾಗಿ, ಒಂದಾದ ಮೇಲೆ ಒಂದು ಬರಬೇಕು ಎಂದರೆ ಪಟ್ಟಿಯನ್ನು ಉದ್ದಕ್ಕೆ ಎರಡು ಭಾಗ ಮಾಡಿ, ಹೆಚ್ಚು ಸೀಳಬೇಡಿ. ಪ್ರತಿ ಭಾಗವನ್ನೂ ಅದೇ ತುದಿಯಿಂದ ಶುರು ಮಾಡಿ ಬೇರೆ ಬೇರೆ ಕದಿರಿಗೆ ನೂಲಿ. ಆಮೇಲೆ ಎರಡನ್ನೂ ಸೇರಿಸಿ ಹುರಿ ಹಾಕಿ. ಎರಡೂ ಎಳೆಯಲ್ಲಿ ಬಣ್ಣ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬದಲಾಗುತ್ತದೆ. ಪೂರ್ತಿ ಕೂಡಿಬರುವುದಿಲ್ಲ, ಏಕೆಂದರೆ ಕೈನೂಲಿನ ದಪ್ಪ ಎಲ್ಲಾ ಕಡೆ ಒಂದೇ ಇರುವುದಿಲ್ಲ. ಅಲ್ಲಲ್ಲಿ ಎರಡು ಬಣ್ಣ ಜೋಡಿಯಾಗಿ ಕಾಣುತ್ತವೆ. ನನಗೆ ಅದು ಇಷ್ಟವೇ.

ಹುರಿ ಹಾಕುವಾಗ ಬಣ್ಣ ಆದಷ್ಟು ಕಡಿಮೆ ಬೆರೆಯಬೇಕು ಎಂದರೆ ಸರಪಳಿ ಹುರಿ ಹಾಕಬೇಕು. ಒಂದೇ ಎಳೆಯನ್ನು ಕ್ರೋಶಾ ಸರಪಳಿಯ ಹಾಗೆ ದೊಡ್ಡ ದೊಡ್ಡ ಕುಣಿಕೆ ಮಾಡುತ್ತಾ, ಮೂರೆಳೆಯಾಗಿ ಹೊಸೆಯುವುದು. ಕೆಂಪಿನ ಜೊತೆ ಕೆಂಪು, ನೀಲಿಯ ಜೊತೆ ನೀಲಿಯೇ ಸೇರುತ್ತದೆ. ಇದರ ಕಷ್ಟವನ್ನೂ ಹೇಳಬೇಕು. ಕುಣಿಕೆ ಬದಲಾಗುವಲ್ಲಿ ಸಣ್ಣ ಗಂಟಿನ ಹಾಗೆ ಕಾಣಬಹುದು. ಮೂರೆಳೆ ಆಗುವುದರಿಂದ ಉದ್ದ ಮೂರನೇ ಒಂದಕ್ಕೆ ಇಳಿಯುತ್ತದೆ. 400 ಮೀಟರ್ ಒಂಟಿ ಎಳೆಯಿಂದ ಎರಡೆಳೆ ಹುರಿ ಸುಮಾರು 200 ಮೀಟರ್ ಸಿಕ್ಕರೆ, ಸರಪಳಿ ಹುರಿ 130 ಮೀಟರ್ ಸಿಗುತ್ತದೆ. ಕೈ ಪಳಗಲು ಸಮಯವೂ ಬೇಕು. ಮನೆಯ ಬಿಳಿ ದಾರದಲ್ಲಿ ಅಭ್ಯಾಸ ಮಾಡಿಕೊಂಡು ಆಮೇಲೆ ಬಣ್ಣದ ಎಳೆಗೆ ಕೈ ಹಾಕಿ.

ಇನ್ನೊಂದು ದಾರಿ ನನಗೆ ಶಾಲಿಗೆ ಬಹಳ ಹಿಡಿಸುತ್ತದೆ. ಪಟ್ಟಿಯನ್ನು ಉದ್ದಕ್ಕೆ ಎರಡು ಮಾಡಿ. ಒಂದು ಭಾಗವನ್ನು ಹಾಗೇ ನೂಲಿ. ಇನ್ನೊಂದನ್ನು ಉದ್ದಕ್ಕೇ ನಾಲ್ಕು ಸಣ್ಣ ಸೀಳು ಮಾಡಿ, ಒಂದಾದ ಮೇಲೆ ಒಂದು ನೂಲಿ. ಮೊದಲ ಎಳೆಯಲ್ಲಿ ಬಣ್ಣ ನಿಧಾನ ಬದಲಾಗುತ್ತದೆ, ಎರಡನೆಯದರಲ್ಲಿ ಬೇಗ ಬೇಗ. ಸೇರಿಸಿ ಹುರಿ ಹಾಕಿದಾಗ ಒಂದು ಕಡೆ ಅಚ್ಚ ಬಣ್ಣ, ಒಂದು ಕಡೆ ಜೋಡಿ ಬಣ್ಣ ಬರುತ್ತಾ ಹೋಗುತ್ತದೆ. ಆದರೆ ನಿಮ್ಮ ಪಟ್ಟಿಯಲ್ಲಿ ಎದುರಾಳಿ ಬಣ್ಣ ಇರುವುದರಿಂದ ಕೆಲವು ಗಜ ಮಂಕಾಗಿಯೇ ಇರುತ್ತದೆ. ಅದನ್ನು ಒಪ್ಪಿಕೊಂಡು ಮಾಡುವುದಾದರೆ ಮಾತ್ರ ಮಾಡಿ.

ಎಳೆ ಹರಿಯುವುದಕ್ಕೆ ಬರೋಣ. ಹರಿದ ತುದಿಯನ್ನು ನೋಡಿದರೆ ಕಾರಣ ಗೊತ್ತಾಗುತ್ತದೆ. ತುದಿ ಚೂಪಾಗಿ, ಕೂದಲು ಜಾರಿಬಂದ ಹಾಗೆ ಇದ್ದರೆ ತಿರುವು ಕಡಿಮೆ ಬಿದ್ದಿದೆ. ಮೆರಿನೋ ಸಣ್ಣ, ಜಾರುವ ಉಣ್ಣೆ. ಕಂಬಳಿ ನೂಲಿಗೆ ಕೊಡುವುದಕ್ಕಿಂತ ಜಾಸ್ತಿ ತಿರುವು ಬೇಕು. ರಾಟಿಯನ್ನು ಇನ್ನೊಂದೆರಡು ಸುತ್ತು ತಿರುಗಿಸಿ, ಆಮೇಲೆ ಕದಿರಿಗೆ ಸುತ್ತಿ. ತುದಿ ಕತ್ತರಿಸಿದ ಹಾಗೆ ಪಟ್ಟನೆ ತುಂಡಾಗಿದ್ದರೆ ತಿರುವು ಅತಿಯಾಗಿದೆ, ಇಲ್ಲವೇ ಕೂದಲೇ ಬಲ ಕಳೆದುಕೊಂಡಿದೆ. ನೀವು ಹಿಂಜಿದ್ದರಿಂದ ಉದ್ದ ಕೂದಲು ಕೆಲವು ತುಂಡಾಗಿರುತ್ತವೆ, ಅದೂ ಒಂದು ಕಾರಣ. ಎರಡು ಕೈಯ ನಡುವಿನ ಅಂತರ ಕೂದಲಿನ ಉದ್ದಕ್ಕಿಂತ ಸ್ವಲ್ಪ ಜಾಸ್ತಿ ಇರಲಿ. ಹತ್ತಿರ ಹಿಡಿದು ಜಗ್ಗಿದರೆ ಒಂದೇ ಕೂದಲಿನ ಎರಡೂ ತುದಿ ಹಿಡಿದು ಜಗ್ಗಿದ ಹಾಗೆ, ಎಳೆ ಬರುವುದೇ ಇಲ್ಲ. ಜತ್ತದ ಏಪ್ರಿಲ್, ಮೇ ತಿಂಗಳ ಒಣ ಗಾಳಿಯಲ್ಲಿ ಸಣ್ಣ ಉಣ್ಣೆ ಕೈಗೆ ಅಂಟಿ, ಎದ್ದು ಹಾರುತ್ತದೆ. ಪಟ್ಟಿಯ ಮೇಲೆ ಹನಿ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಟ್ಟೆ ಮುಚ್ಚಿಟ್ಟು ನೂಲಿದರೆ ಆ ತೊಂದರೆ ಇರುವುದಿಲ್ಲ.

ಬಣ್ಣ ಹಾಕಿದ ಉಣ್ಣೆ ಸುಟ್ಟಿರುತ್ತದೆ ಎನ್ನುವ ಮಾತು ಪೂರ್ತಿ ಸುಳ್ಳೂ ಅಲ್ಲ, ನಿಜವೂ ಅಲ್ಲ. ಉಣ್ಣೆ ನಮ್ಮ ಕೂದಲಿನ ಹಾಗೇ ಕೆರಾಟಿನ್ ಎಂಬ ಪ್ರೋಟೀನು. ಅದಕ್ಕೆ ಹಾಕುವ ಬಣ್ಣವನ್ನು ಆಸಿಡ್ ಬಣ್ಣ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ, ಮನೆಯಲ್ಲಿ ಮಾಡುವವರು ಇದಕ್ಕೆ ಬಳಸುವುದು ಅಡುಗೆಯ ವಿನೆಗರಿನಂಥ ಹುಳಿಯನ್ನೇ. ಹುಳಿ ಮತ್ತು ಬಿಸಿ ಸೇರಿದಾಗ ಬಣ್ಣ ಕೂದಲಿನ ಒಳಗೆ ಹೋಗಿ ಕೂರುತ್ತದೆ. ಉಣ್ಣೆ ಹುಳಿಯನ್ನು ತಾಳಿಕೊಳ್ಳುತ್ತದೆ, ಸೋಡಾದಂಥ ಕ್ಷಾರವನ್ನು ತಾಳುವುದಿಲ್ಲ. ಬಣ್ಣ ಹಾಕುವವರು ಕೊತಕೊತ ಕುದಿಸಿದರೆ, ಬ್ಲೀಚ್ ಮಾಡಿದರೆ ಕೂದಲು ಬಲ ಕಳೆದುಕೊಳ್ಳುತ್ತದೆ. ಪರೀಕ್ಷೆ ಸುಲಭ. ಪಟ್ಟಿಯಿಂದ ಒಂದು ಸಣ್ಣ ಎಸಳು ತೆಗೆದು, ಎರಡೂ ತುದಿ ಹಿಡಿದು, ಕಿವಿ ಹತ್ತಿರ ಪಟ್ಟನೆ ಜಗ್ಗಿ. ತಂತಿ ಮೀಟಿದ ಸದ್ದು ಬಂದರೆ ಉಣ್ಣೆ ಗಟ್ಟಿ ಇದೆ. ಚರಚರ ಎಂದು ಹರಿದರೆ ಅದು ಕೆಟ್ಟಿದೆ, ವಾಪಸು ಕಳಿಸಿ.

ಜೊತೆಗೆ ಒಂದು ಎಸಳನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಅದು ಉಣ್ಣೆ. ಕರಗಿ ಗಟ್ಟಿ ಮಣಿಯ ಹಾಗೆ ಆದರೆ ಅಕ್ರಿಲಿಕ್. ಅಂಗಡಿಗಳಲ್ಲಿ 'ವುಲನ್' ಎಂದು ಮಾರುವುದರಲ್ಲಿ ಅಕ್ರಿಲಿಕ್ಕೇ ಬಹಳ, ಅದಕ್ಕೆ ಹೇಳಿದೆ.

ತೊಳೆದ ನೀರು ಗುಲಾಬಿ ಆಗುವುದು ಕೂದಲೊಳಗೆ ಹೋಗದೆ ಮೇಲೆ ಉಳಿದ ಬಣ್ಣದಿಂದ. ಒಂದೆರಡು ತೊಳೆತಕ್ಕೆ ನಿಂತರೆ ಚಿಂತೆ ಬೇಡ. ನಿಲ್ಲದಿದ್ದರೆ ಉಪ್ಪುನೀರು ಏನೂ ಮಾಡುವುದಿಲ್ಲ. ಹತ್ತಿಗೆ ಬಣ್ಣ ಹಾಕುವಾಗ ಕೆಲವು ಬಣ್ಣಗಳಿಗೆ ಉಪ್ಪು ಬೇಕು, ಬಹುಶಃ ಆ ಮಾತೇ ಉಣ್ಣೆಗೂ ಬಂದಿರಬೇಕು. ತಣ್ಣೀರಿಗೆ ವಿನೆಗರ್ ಹಾಕಿ ನೆನೆಸಿದರೂ ಪ್ರಯೋಜನವಿಲ್ಲ. ಬಿಸಿ ಬೇಕೇ ಬೇಕು. 100 ಗ್ರಾಂ ಲಡಿಗೆ ಮೂರು ಲೀಟರ್ ನೀರು, ಅರ್ಧ ಕಪ್ ಬಿಳಿ ವಿನೆಗರ್. ಲಡಿಯನ್ನು ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಒದ್ದೆ ಮಾಡಿ, ತಣ್ಣಗಿನ ನೀರಿನಲ್ಲೇ ಇಳಿಸಿ. ಸಣ್ಣ ಉರಿಯಲ್ಲಿ ಕಾಯಿಸಿ. ತಳದಲ್ಲಿ ಸಣ್ಣ ಗುಳ್ಳೆ ಏಳುವಷ್ಟು ಸಾಕು, ಕುದಿ ಬರಬಾರದು. ಅರ್ಧ ಗಂಟೆ ಹಾಗೇ ಇಟ್ಟು, ಒಲೆ ಆರಿಸಿ, ಅದೇ ನೀರಲ್ಲಿ ತಾನೇ ತಣ್ಣಗಾಗಲು ಬಿಡಿ. ಕೈಯಾಡಿಸಬೇಡಿ. ಅಡುಗೆ ಪಾತ್ರೆ ಇದಕ್ಕೆ ಬಳಸಬೇಡಿ.

ಕೈಯಾಡಿಸಬೇಡಿ ಎಂದದ್ದಕ್ಕೆ ಕಾರಣ ಇದೆ. ಉಣ್ಣೆಯ ಕೂದಲಿನ ಮೇಲೆ ಸಣ್ಣ ಪೊರೆಗಳಿವೆ. ಬಿಸಿ, ಒದ್ದೆ, ಉಜ್ಜಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ನೂಲು ಗಟ್ಟಿಯಾಗಿ ಕುಗ್ಗುತ್ತದೆ. ಬಿಸಿಯಿಂದ ತೆಗೆದು ನಲ್ಲಿಯ ತಣ್ಣೀರಿಗೆ ಹಿಡಿದರೂ ಹಾಗೇ ಆಗುತ್ತದೆ. ಮೆರಿನೋ ಇದರಲ್ಲಿ ಬಹಳ ಬೇಗ, ನಮ್ಮ ಒರಟು ಉಣ್ಣೆ ನಿಧಾನ. ಬಟ್ಟೆ ಸೋಪು, ಸೋಡಾ ಬೇಡ, ಸ್ವಲ್ಪ ಶಾಂಪೂ ಸಾಕು. ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಒಣಗಿಸಿ.

ಇನ್ನು ಮನೆಯ ಉಣ್ಣೆ. ಕರಿ ಉಣ್ಣೆಗೆ ಬಣ್ಣ ಹಾಕಿದರೆ ಬಣ್ಣ ಹಿಡಿಯುತ್ತದೆ, ಆದರೆ ಕಾಣುವುದಿಲ್ಲ. ಕಪ್ಪಿನ ಮೇಲೆ ಯಾವ ಬಣ್ಣ ತೋರಬೇಕು ಹೇಳಿ? ಹಿಂಡಿನಲ್ಲಿ ಬಿಳಿ ಅಥವಾ ಬೂದು ಉಣ್ಣೆಯ ಕುರಿ ಇದ್ದರೆ ಅದನ್ನು ಬೇರೆ ತೆಗೆದಿಡಿ, ಅದಕ್ಕೆ ಹಾಕಬಹುದು. ನಿಮ್ಮ ತಾಲ್ಲೂಕಿನ ಮಾಡಗ್ಯಾಳ ಕುರಿ ಬಿಳಿ ಇದ್ದರೂ ಅದನ್ನು ನೆಚ್ಚಿಕೊಳ್ಳಬೇಡಿ. ಅದು ಮಾಂಸಕ್ಕೆ ಹೆಸರಾದ ತಳಿ, ಮೈಮೇಲೆ ನೂಲುವಂಥ ಉಣ್ಣೆ ಇರುವುದು ಬಹಳ ಕಡಿಮೆ. ಮಾಡಗ್ಯಾಳಕ್ಕೆ ಒಳ್ಳೆಯ ಬೆಲೆ ಬರುತ್ತದೆ, ಕರಿ ಉಣ್ಣೆಗೆ ಬೆಲೆಯೇ ಇಲ್ಲ. ಹೀಗಾಗಿ ಕುರಿಗಾರರು ಕತ್ತರಿಸಿದ ಉಣ್ಣೆಯನ್ನು ಹೊಲಕ್ಕೆ ಚೆಲ್ಲುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ನಿಮ್ಮಂಥವರು ಮತ್ತೆ ರಾಟಿ ಹಿಡಿದಿದ್ದೀರಿ ಎಂದು ಓದಿದಾಗ ಅದಕ್ಕೇ ಇಷ್ಟು ಉದ್ದ ಬರೆಯಬೇಕೆನಿಸಿತು.

ಬಿಳಿ ಉಣ್ಣೆಗೆ ಮನೆಯಲ್ಲೇ ಬಣ್ಣ ಹಾಕುವ ಮನಸ್ಸಿದ್ದರೆ ದಾಳಿಂಬೆ ಸಿಪ್ಪೆಯಿಂದ ಶುರು ಮಾಡಿ. ಜತ್ತ, ಆಟಪಾಡಿ, ಸಾಂಗೋಲೆ ಕಡೆ ದಾಳಿಂಬೆಗೆ ಕೊರತೆ ಇಲ್ಲ. 100 ಗ್ರಾಂ ತೊಳೆದ ಉಣ್ಣೆಗೆ ಸುಮಾರು 12 ಗ್ರಾಂ ಪಟಕ (ಆಲಮ್) ಕರಗಿಸಿದ ನೀರಲ್ಲಿ ಒಂದು ಗಂಟೆ ಸಣ್ಣಗೆ ಕಾಯಿಸಿ. ಆಮೇಲೆ ಉಣ್ಣೆಯ ತೂಕದಷ್ಟೇ ಒಣ ಸಿಪ್ಪೆಯನ್ನು ಕುದಿಸಿ ಸೋಸಿದ ನೀರಲ್ಲಿ ಇನ್ನೊಂದು ಗಂಟೆ. ಒಳ್ಳೆಯ ಹಳದಿ ಬರುತ್ತದೆ, ಬಹಳ ದಿನ ನಿಲ್ಲುತ್ತದೆ. ಅದೇ ನೀರಿಗೆ ಕಬ್ಬಿಣದ ಅಂಶ ಸ್ವಲ್ಪ ಸೇರಿದರೆ ಪಾಚಿ ಹಸಿರು, ಬೂದಿ ಬಣ್ಣಕ್ಕೆ ತಿರುಗುತ್ತದೆ. ಕಬ್ಬಿಣ ಜಾಸ್ತಿಯಾದರೆ ಉಣ್ಣೆ ಒರಟಾಗುತ್ತದೆ. ಸಾಂಗ್ಲಿಯವರಿಗೆ ಅರಿಶಿನ ಮೊದಲು ನೆನಪಾಗುತ್ತದೆ. ಅರಿಶಿನ ಚಂದ ಹಿಡಿಯುತ್ತದೆ, ಆದರೆ ಬಿಸಿಲಿಗೆ ಬೇಗ ಹೋಗುತ್ತದೆ, ಸೋಪು ತಾಗಿದರೆ ಕೆಂಪಾಗುತ್ತದೆ. ಶಾಲಿಗೆ ಅದು ಬೇಡ.

ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ನಮ್ಮ ಹಾಲುಮತದ ಮನೆಗಳಲ್ಲಿ ಕರಿ ಕಂಬಳಿ ಬರೀ ಹೊದಿಕೆಯಲ್ಲ. ಬೀರಪ್ಪನ ಗದ್ದುಗೆಗೆ ಹಾಸುವುದು ಅದನ್ನೇ. ಹುಲಜಂತಿಯ ಮಾಳಿಂಗರಾಯನ ಜಾತ್ರೆಗೆ ಹೋದರೆ ಹೆಗಲ ಮೇಲೆ ಕಂಬಳಿ ಇಲ್ಲದ ಹಿರಿಯರು ಸಿಗುವುದು ಕಷ್ಟ. ದೇವರಿಗೆ, ಮನೆಯ ಶುಭಕಾರ್ಯಕ್ಕೆ ಬಳಸುವ ಉಣ್ಣೆಗೆ ಬಣ್ಣ ಬೇಡ ಎಂದು ಅವರು ಹೇಳಿದರೆ ಅದನ್ನು ಹಾಗೇ ಉಳಿಸಿ. ಮಗಳ ಶಾಲಿಗೆ ಬೇರೆ ಉಣ್ಣೆ, ಬೇರೆ ಪಾತ್ರೆ ಎಂದು ಕೂತು ಹೇಳಿದರೆ ಅವರಿಗೂ ಸಮಾಧಾನ ಆಗಬಹುದು.

ಕರಿ ಉಣ್ಣೆ ಮತ್ತು ಮೆರಿನೋ ಸೇರಿಸಿ ಹಿಂಜಿ ಒಂದೇ ಎಳೆ ಮಾಡಬೇಡಿ. ಸುಮಾರು 30 ಮೈಕ್ರಾನಿಗಿಂತ ದಪ್ಪ ಇರುವ ಕೂದಲಿನ ತುದಿ ಚರ್ಮಕ್ಕೆ ಚುಚ್ಚುತ್ತದೆ. ದಖ್ಖನಿ ಉಣ್ಣೆಯಲ್ಲಿ ಅಂಥದ್ದೇ ಜಾಸ್ತಿ. ಮಗುವಿನ ಕುತ್ತಿಗೆಗೆ ಅದು ಆಗದು. ಎರಡೂ ಬೇರೆ ಬೇರೆ ಅಳತೆಗೆ ಕುಗ್ಗುವುದರಿಂದ ತೊಳೆದ ಮೇಲೆ ಬಟ್ಟೆ ಅಲ್ಲಲ್ಲಿ ಮುದುಡುತ್ತದೆ. ಆದರೆ ಕೂರುವ ಆಸನ, ಗೋಡೆಗೆ ತೂಗುಹಾಕುವ ಪಟ್ಟಿ ಇಂಥದ್ದಕ್ಕೆ ಕರಿ ನೂಲಿನ ಹಾಸು (ಮಗ್ಗದ ಉದ್ದ ಎಳೆ) ಹಾಕಿ, ನಡುನಡುವೆ ಬಣ್ಣದ ನೂಲಿನ ಗೆರೆ ತರಬಹುದು. ಕಪ್ಪಿನ ಪಕ್ಕ ಬಣ್ಣ ಇನ್ನೂ ಎದ್ದು ಕಾಣುತ್ತದೆ. ಊರಲ್ಲಿ ಕುಣಿ ಮಗ್ಗ ನಡೆಸುವವರು ಇನ್ನೂ ಇದ್ದರೆ ಅವರನ್ನೇ ಕೇಳಿ, ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಾಕುವ ಹದ ಅವರ ಕೈಯಲ್ಲಿದೆ. ಆ ಗಂಜಿ ಕರಿ ನೂಲಿಗೆ, ಮೆರಿನೋಗೆ ಬೇಡ.

ಕೊನೆಗೆ, ಕೆಸರು ಬಣ್ಣ ಎಂದು ನೀವು ಬೇಜಾರು ಮಾಡಿಕೊಂಡಿರುವ ಆ 100 ಗ್ರಾಂ ನೂಲು. ಅದನ್ನು ಎಸೆಯಬೇಡಿ, ಮೇಲೆ ಇನ್ನೊಂದು ಬಣ್ಣ ಹಾಕಲೂ ಹೋಗಬೇಡಿ. ಮಗಳ ಶಾಲಿಗೆ ಬರೀ 100 ಗ್ರಾಂ ಸಾಲುವುದಿಲ್ಲ, ಎರಡೂ ಬೇಕಾಗುತ್ತದೆ. ಈ ನೂಲಿನಲ್ಲಿ ಉಳಿದ ಪಟ್ಟಿಯ ಐದೂ ಬಣ್ಣ ಇದೆ, ಹಾಗಾಗಿ ಅದರ ಪಕ್ಕ ಆ ಬಣ್ಣಗಳಲ್ಲಿ ಯಾವುದು ಬಂದರೂ ಒಪ್ಪುತ್ತದೆ. ಎರಡೂ ಮೆರಿನೋ ಆದ್ದರಿಂದ ತೊಳೆದಾಗ ಹೆಚ್ಚುಕಡಿಮೆ ಒಂದೇ ಥರ ಕುಗ್ಗುತ್ತವೆ. ಹೊಸ ನೂಲನ್ನು ಇದರಷ್ಟೇ ದಪ್ಪಕ್ಕೆ ನೂಲಿ. ಅದಕ್ಕಾಗಿ ಹಳೆಯ ನೂಲಿನ ಒಂದು ಗೇಣು ತುಂಡನ್ನು ರಾಟಿಯ ಮುಂದೆ ಕಟ್ಟಿಕೊಂಡು ಆಗಾಗ ಹೋಲಿಸುತ್ತಾ ಹೋಗಿ. ನಾಲ್ಕು ಬೆರಳು ಹಳೆಯ ನೂಲು, ಎರಡು ಬೆರಳು ಹೊಸ ನೂಲು, ಹೀಗೆ ಗೆರೆ ಗೆರೆಯಾಗಿ ಹೆಣೆಯಿರಿ. ಅಂಚಿಗೆ ಎಂದು ಹೊಸ ನೂಲಿನಲ್ಲಿ ಸುಮಾರು 15 ಗ್ರಾಂ ಮೊದಲೇ ತೆಗೆದಿಡಿ.